ತೊಂಬತ್ತಮೂರರಲ್ಲಿ ಹೊಸ ಕೆಲಸ

ಘಾನಾದ ರಾಜಧಾನಿ ಅಕ್ರಾದ ಕ್ಯಾಂಟೋನ್ಮೆಂಟ್ಸ್ ಬಡಾವಣೆ ನಮ್ಮ ಬೆಂಗಳೂರಿನ ದಂಡು ಪ್ರದೇಶದ ಹಾಗೆ ಬ್ರಿಟಿಷರ ಕಾಲದ್ದು. ಇಲ್ಲಿನ ಒಂದು ಬಂಗಲೆಗೆ ಅಮೆರಿಕದಿಂದ ಬಂದು ನೆಲೆಸಿದವರು ಕಪ್ಪು ವಿದ್ವಾಂಸ, ಹೋರಾಟಗಾರ ಡಬ್ಲ್ಯು.ಇ.ಬಿ. ಡು ಬೊಯ್ಸ್. 1961ರಲ್ಲಿ ಘಾನಾಕ್ಕೆ ಹೊರಟಾಗ ವಯಸ್ಸು 93. ವಿಶ್ರಾಂತಿಗೆ ಅಂದುಕೊಂಡಿರೋ? ಇಡೀ ಆಫ್ರಿಕಾದ ವಿಶ್ವಕೋಶ ಸಿದ್ಧಪಡಿಸಲು! 1909ರಿಂದ ಮನಸ್ಸಿನಲ್ಲಿದ್ದ ಆಸೆ. ಬನ್ನಿ, ಇಲ್ಲಿ ಮಾಡಿ ಎಂದು ಕರೆದವರು ಅಧ್ಯಕ್ಷ ಎನ್‌ಕ್ರುಮಾ.

ಅವರ ಪುಸ್ತಕಗಳು ಈ ಮನೆಯಲ್ಲೇ ಇವೆ. ಕಪಾಟಿನ ಮುಂದೆ ನಿಂತರೆ ಹೊತ್ತು ಹೋದದ್ದೇ ತಿಳಿಯದು.

ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಪಡೆದ ಮೊದಲ ಕಪ್ಪು ಅಮೆರಿಕನ್ ಅವರು. ಸತ್ಯವನ್ನು ಅಳೆದು ತೂಗಿ ಮುಂದಿಟ್ಟರೆ ಜನ ಒಪ್ಪುತ್ತಾರೆ ಎಂದು ನಂಬಿದ್ದರು. 1899ರಲ್ಲಿ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಯಾಳನ್ನು ಬಿಳಿಯರ ಗುಂಪು ಸುಟ್ಟು ಕೊಂದಿತು. ಅದರ ಬಗ್ಗೆ ಹದವಾಗಿ ಬರೆದ ಪತ್ರ ಹಿಡಿದು ಡು ಬೊಯ್ಸ್ ಅಟ್ಲಾಂಟಾದ ಪತ್ರಿಕಾ ಕಚೇರಿಯತ್ತ ನಡೆದಿದ್ದರು. ದಾರಿಯಲ್ಲಿ ಸುದ್ದಿ ಸಿಕ್ಕಿತು: ಹೋಸ್‌ನ ಬೆರಳ ಗೆಣ್ಣುಗಳನ್ನು ಮುಂದಿನ ದಿನಸಿ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ. ಪತ್ರ ಕೊಡದೆ ಹಿಂದಿರುಗಿದರು.

ಇಂಥ ಹೊತ್ತಿನಲ್ಲಿ ಅಂಕಿಅಂಶಕ್ಕೆ ಬೆಲೆಯೇನು? ಆದರೂ ಅವರು ಲೆಕ್ಕ ಬಿಡಲಿಲ್ಲ, ಬೀದಿಗೆ ತಂದರು. 1910ರಲ್ಲಿ ಶುರುಮಾಡಿದ ‘ದಿ ಕ್ರೈಸಿಸ್’ ಮಾಸಿಕದಲ್ಲಿ ಗುಂಪು ಕೊಲೆಗಳ ಪಟ್ಟಿಯೂ ಇತ್ತು, ಕವಿತೆಯೂ ಇತ್ತು, ನಗುವ ಕಪ್ಪು ಕಂದಮ್ಮಗಳ ಫೋಟೊಗಳೂ ಇದ್ದವು. ಮೊದಲ ಸಂಚಿಕೆ 1000 ಪ್ರತಿ. ಹತ್ತು ವರ್ಷ ತುಂಬುವ ಮೊದಲೇ ಒಂದು ಲಕ್ಷ!

ಅಣುಬಾಂಬ್ ವಿರುದ್ಧ ಸಹಿ ಸಂಗ್ರಹಿಸಿದ್ದಕ್ಕೆ 1951ರಲ್ಲಿ ಅವರ ಮೇಲೆ ವಿದೇಶಿ ಏಜೆಂಟ್ ಎಂಬ ಮೊಕದ್ದಮೆ ಬಿತ್ತು. 83ರ ಹೊಸ್ತಿಲಲ್ಲಿದ್ದ ಮುದುಕನಿಗೆ ಕೈಕೋಳ. ನ್ಯಾಯಾಲಯ ಪ್ರಕರಣ ವಜಾ ಮಾಡಿದರೂ ಸರ್ಕಾರ 1958ರವರೆಗೆ ಪಾಸ್‌ಪೋರ್ಟ್ ಕೊಡಲಿಲ್ಲ. ಹಾಗಾಗಿ 1957ರ ಘಾನಾ ಸ್ವಾತಂತ್ರ್ಯೋತ್ಸವಕ್ಕೆ ಆಹ್ವಾನವಿದ್ದರೂ ಬರಲಾಗಲಿಲ್ಲ. (ಸ್ಟಾಲಿನ್ ಸತ್ತಾಗ ಅವರು ಬರೆದ ಹೊಗಳಿಕೆ ನನಗೆ ಇಂದಿಗೂ ನುಂಗಲಾರದ ತುತ್ತು.)

ಈ ಬಂಗಲೆಯ ಅಂಗಳದಲ್ಲೇ ಅವರ ಸಮಾಧಿ. ಮೊದಲು ಅವರನ್ನು ಮಣ್ಣು ಮಾಡಿದ್ದು ಕಡಲಂಚಿನ ಒಸು ಕೋಟೆಯ ಬಳಿ. ಡೇನರು ಕಟ್ಟಿದ, ಗುಲಾಮರನ್ನು ಹಡಗಿಗೇರಿಸಿದ ಅದೇ ಕೋಟೆ! ಗುಲಾಮರ ವಂಶದ ಕುಡಿಗೆ ಅಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ. 1980ರ ದಶಕದಲ್ಲಿ ಇಲ್ಲಿಗೆ ತಂದರು. ತೀರಿಕೊಂಡದ್ದು 1963ರ ಆಗಸ್ಟ್ 27ರಂದು, ವಿಶ್ವಕೋಶ ಮುಗಿಯದೆ. ಮರುದಿನ ನಾಗರಿಕ ಹಕ್ಕುಗಳಿಗಾಗಿ ವಾಷಿಂಗ್ಟನ್‌ನಲ್ಲಿ ಸೇರಿದ್ದ ಎರಡೂವರೆ ಲಕ್ಷ ಜನರಿಗೆ ಸಾವಿನ ಸುದ್ದಿ ಹೇಳಿದವರು ಕಪ್ಪು ನಾಯಕ ರಾಯ್ ವಿಲ್ಕಿನ್ಸ್. ಇಬ್ಬರಿಗೂ ಅಷ್ಟಾಗಿ ಸರಿಬಂದಿರಲಿಲ್ಲ.

ಸಮಾಧಿಯ ಮುಂದೆ ನನಗೆ ನೆನಪಾದದ್ದು ಮಾತ್ರ ಭಾರತದಿಂದ ಹೋದ ಒಂದು ಕಾಗದ. 1946ರಲ್ಲಿ ಅಂಬೇಡ್ಕರ್ ಇವರಿಗೆ ಬರೆದಿದ್ದರು: ಕಪ್ಪು ಅಮೆರಿಕನ್ನರು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ್ದಾರಂತೆ, ಅಸ್ಪೃಶ್ಯರೂ ಅದೇ ಯೋಚನೆಯಲ್ಲಿದ್ದಾರೆ, ಎರಡು-ಮೂರು ಪ್ರತಿ ಕೊಡಿಸುವಿರಾ? ಡು ಬೊಯ್ಸ್ ಉತ್ತರದೊಂದಿಗೇ ಅದನ್ನು ಕಳಿಸಿದರು. ಮರುವರ್ಷ ಡು ಬೊಯ್ಸ್ ತಾವೇ ಸಂಪಾದಿಸಿದ ಇನ್ನೊಂದು ಮನವಿಯನ್ನು ವಿಶ್ವಸಂಸ್ಥೆಯ ಮುಂದಿಟ್ಟರು.