ಗಿಂಡಿಯ ಮೊದಲ ವಿದ್ಯಾರ್ಥಿನಿ

ಸ್ತ್ರೀಯೊಬ್ಬಳು ಎಂಜಿನಿಯರಿಂಗ್ ವಿದ್ಯೆಯನ್ನು ಆರಿಸಿಕೊಂಡಳೆಂದರೆ ಯಂತ್ರಗಳ ಮೇಲಣ ಅಸಾಧಾರಣವಾದ ಆಸಕ್ತಿಯೇ ಅದಕ್ಕೆ ಕಾರಣವಾಗಿರಬೇಕೆಂದು ಊಹಿಸುವುದು ಲೋಕರೂಢಿ. ಮದರಾಸಿನ ಅಯ್ಯಲಸೋಮಯಾಜುಲ ಲಲಿತಾ ಅವರ ವಿಷಯದಲ್ಲಿ ಆ ನಿಶ್ಚಯವು ತೊಟ್ಟಿಲ ಬಳಿಯಲ್ಲಿ ಆಯಿತೆನ್ನಬೇಕು.

1919ರಲ್ಲಿ ತೆಲುಗು ಮನೆತನವೊಂದರಲ್ಲಿ ಹುಟ್ಟಿದ ಆಕೆಗೆ ಹದಿನೈದನೆಯ ವಯಸ್ಸಿನಲ್ಲಿ ವಿವಾಹವಾಯಿತು. ಹದಿನೆಂಟನೆಯ ವಯಸ್ಸಿನಲ್ಲಿ ವೈಧವ್ಯವು ಪ್ರಾಪ್ತವಾಯಿತು. ಆಗ ಮಡಿಲಲ್ಲಿದ್ದ ಹೆಣ್ಣುಕೂಸಿಗೆ ನಾಲ್ಕೇ ತಿಂಗಳು. ಆ ಕಾಲದಲ್ಲಿ ಅಂಥ ತರುಣಿಯ ಪಾಲಿಗೆ ಮನೆಯ ಹಿಂದಣ ಕೋಣೆಯೊಂದೇ ಗತಿಯೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಆಕೆಯು ತವರಿಗೆ ಬಂದು ಪುನಃ ಓದನ್ನು ಹಿಡಿದರು. ಕ್ವೀನ್ ಮೇರಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದರು.

ಮುಂದೇನು? ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆಯ ಬಾಗಿಲು ಅದಾಗಲೇ ತೆರೆದಿದ್ದಿತು. ಆದರೆ ನಡುರಾತ್ರಿಯಲ್ಲಿ ಕರೆ ಬಂದರೆ ಮಲಗಿರುವ ಮಗುವನ್ನು ಬಿಟ್ಟು ಹೋಗಬೇಕಾದೀತೆಂದು ಆಕೆಯು ವೈದ್ಯವೃತ್ತಿಯನ್ನು ಒಲ್ಲೆನೆಂದರಂತೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದಾದ ಕಸುಬು ಬೇಕಾಗಿದ್ದಿತು. ತಂದೆ ಪಪ್ಪು ಸುಬ್ಬರಾಯರು ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿಯೇ ಪ್ರಾಧ್ಯಾಪಕರು. ಮಗಳ ಪರವಾಗಿ ಪ್ರಾಂಶುಪಾಲ ಕೆ. ಸಿ. ಚಾಕೋ ಅವರನ್ನೂ ವಿದ್ಯಾ ಇಲಾಖೆಯ ಡೈರೆಕ್ಟರ್ ಸ್ಟ್ಯಾಥಂ ಅವರನ್ನೂ ಅವರು ಕೇಳಿಕೊಂಡರು, ಇಬ್ಬರೂ ಒಪ್ಪಿದರು. ಹೀಗೆ 1940ರಲ್ಲಿ ಆಕೆಯು ವಿದ್ಯುತ್ ಶಾಖೆಗೆ ಸೇರಿದರು. ತಂದೆಯು ಬೇರೆ ವೃತ್ತಿಯವರಾಗಿದ್ದರೆ ಬಾಗಿಲು ಇಷ್ಟು ಸುಲಭವಾಗಿ ತೆರೆಯುತ್ತಿದ್ದಿತೆ? ಸಂದೇಹವೇ.

ನೂರಾರು ತರುಣರ ನಡುವೆ ಒಬ್ಬಳೇ ಹೆಣ್ಣು. ಸಹಪಾಠಿಗಳು ಆಕೆಯನ್ನು ಪೀಡಿಸಿದರೆಂದು ಎಲ್ಲಿಯೂ ಹೇಳಿಲ್ಲ, ಪೀಡಿಸಿದುದು ಒಂಟಿತನ. ವಾಸಕ್ಕೆ ಪ್ರತ್ಯೇಕವಾದ ಏರ್ಪಾಡೇನೋ ಆಯಿತು. ಪಾಠ ಮುಗಿದು ಸಂಜೆಯಾದ ಮೇಲೆ ಲೆಕ್ಕದಲ್ಲಿ ಒಂದು ಸಂಶಯ ಬಂದರೆ ಪಕ್ಕದ ಕೋಣೆಯ ಕದವನ್ನು ತಟ್ಟುವ ಭಾಗ್ಯವು ಗಂಡುಹುಡುಗರೆಲ್ಲರಿಗೂ ಇದ್ದಿತು, ಆಕೆಗೊಬ್ಬಳಿಗೆ ಇರಲಿಲ್ಲ. ಮಗುವು ಸಮೀಪದಲ್ಲಿಯೇ ಬಂಧುಗಳ ಮನೆಯಲ್ಲಿ ಬೆಳೆಯುತ್ತಿದ್ದಿತು; ವಾರದ ಕೊನೆಯಲ್ಲಿ ತಾಯಿಯು ಹೋಗಿ ನೋಡಿ ಬರುವರು. ಮಗುವಿಗೋಸ್ಕರ ಆರಿಸಿಕೊಂಡ ವಿದ್ಯೆಯೇ ವಾರದ ಬಹುಭಾಗ ಮಗುವಿನಿಂದ ಅಗಲಿಸಿತು.

ಈ ಒಂಟಿತನವನ್ನು ನೀಗುವುದಕ್ಕಾಗಿ ಕಾಲೇಜಿನವರು ಸ್ತ್ರೀಯರೂ ಸೇರಬಹುದೆಂದು ಪ್ರಕಟಣೆ ಕೊಟ್ಟರು. ಲೀಲಮ್ಮ ಜಾರ್ಜ್ ಮತ್ತು ಪಿ. ಕೆ. ತ್ರೇಸ್ಯಾ ಎಂಬಿಬ್ಬರು ಸಿವಿಲ್ ಶಾಖೆಗೆ ಬಂದರು. ಒಬ್ಬಳಿಗೆ ಜೊತೆಯಾಗಲೆಂದು ತೆರೆದ ದಾರಿಯಲ್ಲಿ ಬಂದ ಆ ತ್ರೇಸ್ಯಾ ಅವರೇ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರರಾದರು.

ಪದವಿಯ ಪತ್ರವನ್ನು ಕೊಡುವ ಹೊತ್ತಿಗೆ ಒಂದು ವಿನೋದವಾಯಿತು. ಪತ್ರದ ಇಂಗ್ಲಿಷ್ ಒಕ್ಕಣೆಯಲ್ಲಿ ‘ಅವನು’ ಎಂದೇ ಅಚ್ಚಾಗಿದ್ದಿತು. ಅದನ್ನು ಹೊಡೆದು ‘ಅವಳು’ ಎಂದು ಕೈಯಿಂದ ಬರೆಯಬೇಕಾಯಿತು. ಕನ್ನಡದಲ್ಲಿ ಅಚ್ಚಾಗಿದ್ದರೆ ‘ಇವರು’ ಎಂಬೊಂದು ಮಾತಿನಿಂದ ಕಾಲೇಜಿನ ಮಾನ ಉಳಿಯುತ್ತಿದ್ದಿತು!

ಜಮಾಲ್‌ಪುರದ ರೈಲ್ವೆ ಕಾರ್ಖಾನೆಯಲ್ಲಿ ಅಭ್ಯಾಸ ಮಾಡಿ, ಸಿಮ್ಲಾದಲ್ಲಿ ಕೆಲಕಾಲ ಕೆಲಸದಲ್ಲಿದ್ದು, ಆಕೆಯು ಕಡೆಗೆ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸಂಸ್ಥೆಯನ್ನು ಸೇರಿದರು. ಎರಡು ಊರುಗಳಲ್ಲಿಯೂ ಒಡಹುಟ್ಟಿದವರ ಮನೆಯ ಆಸರೆ ಇದ್ದಿತು. ವಿದ್ಯುತ್ತನ್ನು ಸಾಗಿಸುವ ತಂತಿಮಾರ್ಗಗಳ ರಚನೆ, ಉಪಕೇಂದ್ರಗಳ ವಿನ್ಯಾಸ, ರಕ್ಷಕ ಉಪಕರಣಗಳು—ಇವು ಆಕೆಯ ಕೆಲಸ. ಭಾಕ್ರಾ-ನಂಗಲ್ ಯೋಜನೆಗೂ ಆಕೆಯ ದುಡಿಮೆ ಸಂದಿತು. ತರುಣ ವಿಧವೆಯೊಬ್ಬಳು ದೂರದ ಕಾಮಗಾರಿಯ ಸ್ಥಳಗಳಿಗೆ ಒಂಟಿಯಾಗಿ ಹೋಗಿಬರುವುದನ್ನು ಸಮಾಜವು ಸಹಿಸದಾದುದರಿಂದ ಆಕೆಯು ಮೇಜಿನ ಮುಂದಣ ಕೆಲಸವನ್ನೇ ಹೆಚ್ಚಾಗಿ ಹಿಡಿದರೆನ್ನುವರು. ನಕ್ಷೆಗಳು ಪಂಜಾಬಿನ ಬೆಟ್ಟಗಳ ಕಡೆಗೆ ಹೋದವು. ಮಗಳು ಕಲ್ಕತ್ತೆಯಲ್ಲಿ ಕಾದಿದ್ದಳು. ತಾಯಿಯು ಸಂಜೆ ಮನೆಗೆ ಹೋದರು.