ಅರಸಾಳಿನ ಹಳೇ ಸ್ಟೇಷನ್ನು

ನಮ್ಮ ಹಾಲಾಡಿಗೆ ರೈಲಿಲ್ಲ. ಕುಂದಾಪುರದ ಮೂಡ್ಲಕಟ್ಟೆಗೆ ಕೊಂಕಣ ರೈಲು ಬಂದದ್ದೇ 1990ರ ದಶಕದಲ್ಲಿ. ಅದಕ್ಕೂ ಮೊದಲು ಈ ಕಡೆಯಿಂದ ಘಟ್ಟದ ಮೇಲಕ್ಕೆ ಕೊಟ್ಟ ಹೆಣ್ಣುಮಕ್ಕಳು ರೈಲು ಕಂಡದ್ದು ಅಲ್ಲಿಗೆ ಹೋದ ಮೇಲೆಯೇ. ರಿಪ್ಪನ್‌ಪೇಟೆಗೆ ಸೊಸೆಯಾಗಿ ಹೋದ ನಮ್ಮ ದೊಡ್ಡಮ್ಮನಿಗೆ ಹತ್ತಿರದ ಸ್ಟೇಷನ್ನು ಎಂದರೆ ಅರಸಾಳು. ಈಗ ಮುಚ್ಚಿರುವ ಆ ಹಳೇ ಸ್ಟೇಷನ್ನನ್ನು ಅವರ ಜತೆಗೇ ಹೋಗಿ ನೋಡಿಬಂದೆ.

ಹಾಲಾಡಿಯಿಂದ ಸಿದ್ದಾಪುರ, ಹೊಸಂಗಡಿ, ಆಮೇಲೆ ಬಾಳೆಬರೆ ಘಾಟಿ. ತಿರುವುಗಳಲ್ಲಿ ಹೊಟ್ಟೆ ತೊಳೆಸುವವರು ಲಿಂಬೆಹಣ್ಣು ಇಟ್ಟುಕೊಳ್ಳಿ. ಹೊಸನಗರ, ರಿಪ್ಪನ್‌ಪೇಟೆ ದಾಟಿದರೆ ಅರಸಾಳು.

ಶಿವಮೊಗ್ಗೆಯಿಂದ ತಾಳಗುಪ್ಪದ ಕಡೆಗೆ ಮೈಸೂರು ಸಂಸ್ಥಾನದ ರೈಲ್ವೆಯವರು 1930ರ ದಶಕದಲ್ಲಿ ಕಾಡಿನ ನಡುವೆ ಹಳಿ ಹಾಕುತ್ತಾ ಹೋದರು. ಮೀಟರ್ ಗೇಜ್ ಹಳಿ, ಅಗಲ ಒಂದೇ ಮೀಟರು. ಜೋಗ ನೋಡುವವರಿಗೂ ಇದೇ ದಾರಿಯಾಗಿತ್ತು. ಕೊನೆಕೊನೆಗೆ ಹಳಿಯ ಮೇಲೆ ಬಸ್ಸಿನಂಥದೇ ಒಂದು ಗಾಡಿ ಓಡುತ್ತಿತ್ತು, ರೈಲ್ ಬಸ್ಸು ಅಂತ! ಆಮೇಲೆ ಐದೂವರೆ ಅಡಿಯ ಬ್ರಾಡ್ ಗೇಜ್ ಬಂತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ದೊಡ್ಡ ರೈಲು ಓಡಿತು. ಅರಸಾಳಿಗೆ ಹೊಸ ನಿಲ್ದಾಣವಾಯಿತು, ಹಳೇ ಹಂಚಿನ ಕಟ್ಟಡ ಪಾಳುಬಿತ್ತು.

ಅದು ಉಳಿದದ್ದು ಹೇಗೆ ಗೊತ್ತೇ? ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ನಿಮಗೆ ನೆನಪಿರಬೇಕು. 1980ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿತ್ತಲ್ಲ, ಆರ್.ಕೆ. ನಾರಾಯಣರ ಕಥೆಗಳು? ಅದರಲ್ಲಿ ಮಾಲ್ಗುಡಿಯ ಸ್ಟೇಷನ್ನಾದದ್ದು ಈ ಅರಸಾಳೇ. ಆ ನಂಟಿನಿಂದಲೇ ನೈಋತ್ಯ ರೈಲ್ವೆಯವರು ಕಟ್ಟಡವನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈಹಾಕಿದ್ದು ಸಂತೋಷ. ಹಳೇ ಬೋಗಿಯಲ್ಲಿ 'ಮಾಲ್ಗುಡಿ ಚಹಾ' ಮಾಡಿದ್ದಾರೆ.

ನಾನು ಸ್ವಾಮಿಯ ಗೊಂಬೆ ನೋಡುತ್ತಾ ನಿಂತೆ. ದೊಡ್ಡಮ್ಮ ಅತ್ತ ಕಣ್ಣೂ ಹಾಕಲಿಲ್ಲ. ಹೊರಗೆ ಜಗಲಿಯ ತುದಿಗೆ ಹೋಗಿ ಕುಳಿತರು. "ಇಲ್ಲೇ ಹೆಣೆ, ಇಲ್ಲೇ ಕೂಕಂಡ್ ಕಾಯುದು" ಅಂದರು. ಶಿವಮೊಗ್ಗೆಯಲ್ಲಿ ಓದುತ್ತಿದ್ದ ಮಗನಿಗೆ ಅಕ್ಕಿ, ಮಿಡಿ ಉಪ್ಪಿನಕಾಯಿ, ಹಪ್ಪಳ ಕಟ್ಟಿಕೊಂಡು ಇಲ್ಲಿಂದಲೇ ರೈಲು ಹತ್ತುತ್ತಿದ್ದರಂತೆ. ಒಂದು ಸಲ ಭರಣಿ ಒಡೆದು ಎಣ್ಣೆಯೆಲ್ಲಾ ಸೀರೆಗೆ! ಆ ಅವತಾರದಲ್ಲೇ ಹಾಸ್ಟೆಲಿಗೆ ಹೋದರಂತೆ. ಇಷ್ಟು ವರ್ಷ ಈ ಮಾತನ್ನು ನಮಗ್ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ ಬಿಡಿ.

ಕಥೆಯಲ್ಲಿ ಮಾತ್ರ ಇರುವ ಊರಿನಿಂದಾಗಿ ನಿಜವಾದ ಸ್ಟೇಷನ್ನು ಉಳಿಯಿತು, ಒಳ್ಳೆಯದೇ. ಆದರೆ ಗಂಟು ಹೊತ್ತು ರೈಲು ಕಾದ ಹೆಂಗಸರದೂ ಒಂದು ಪಟ ಆ ಗೋಡೆಯ ಮೇಲಿರಬೇಕಿತ್ತು ಅಂತ ನನಗನ್ನಿಸಿತು.

ಹೋಗುವುದಾದರೆ ದೀಪಾವಳಿ ಕಳೆದ ಮೇಲೆ ಹೋಗಿ, ಮಳೆಗಾಲದಲ್ಲಿ ಘಾಟಿಯನ್ನು ನಂಬುವಂತಿಲ್ಲ. ಬುತ್ತಿ ಕಟ್ಟಿಕೊಳ್ಳಿ. ಮನೆಯಲ್ಲಿ ಆ ಚಿಕ್ಕ ರೈಲು ಹತ್ತಿದ ಹಿರಿಯರಿದ್ದರೆ ಮೊದಲು ಅವರಿಗೆ ಕಿಟಕಿ ಪಕ್ಕದ ಸೀಟು ಹಿಡಿಯಿರಿ.