ಭೋಜದ ಕೂಡುಹೊಳೆಯ ದಂಡೆಯಲ್ಲಿ

ನಿಪ್ಪಾಣಿ ಬಿಟ್ಟ ಬಸ್ಸಿನ ಎರಡೂ ಬದಿಗೆ ಕಬ್ಬು, ನಡುನಡುವೆ ತಂಬಾಕು. ಭೋಜ ಆಚಾರ್ಯ ಶಾಂತಿಸಾಗರರ ಊರು. ಆದರೆ ನನ್ನನ್ನು ಎಳೆದು ತಂದದ್ದು ಹೊಳೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಕೊಲ್ಲಾಪುರ ಜಿಲ್ಲೆಯ ಹೊಲಗಳನ್ನು ಬಳಸಿ ಬಂದ ವೇದಗಂಗೆ ಇಲ್ಲಿ ದೂಧಗಂಗೆಯನ್ನು ಕೂಡುತ್ತಾಳೆ. ಮುಂದೆ ಒಂದೇ ಹರಿವು, ಕೃಷ್ಣೆಯ ಕಡೆಗೆ. ಮೇಲಿನ ಊರುಗಳ ಮಣ್ಣು, ಎಲೆ, ಕಸ ಏನಿದ್ದರೂ ಈ ದಂಡೆಯನ್ನು ಮುಟ್ಟಿಯೇ ಸಾಗಬೇಕು.

ಜೊತೆಗೆ ವೈನಿ ಇದ್ದರು. ಮಿರಜಿನಲ್ಲಿ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿದೆ. ‘ನೀಲಿ ಔಷಧ ಚುಚ್ಚಿದ್ರು ನೋಡು, ಮರುದಿನ ಒಂದಕ್ಕ ಹೋದ್ರ ಅದೂ ನೀಲಿ! ಅಂಜಿಬಿಟ್ಟಿದ್ದೆ’ ಎಂದರು.

ಆ ನೀಲಿಯ ಬೆನ್ನು ಹತ್ತಿ ಹೋದಷ್ಟೂ ನನ್ನ ಬೆರಗು ಹೆಚ್ಚಿತು. ಸ್ತನದ ದುಗ್ಧರಸ ಕೂದಲೆಳೆಯಂಥ ನಾಳಗಳಲ್ಲಿ ಹರಿದು ಬಹುಪಾಲು ಕಂಕುಳಿನ ಗ್ರಂಥಿಗಳಿಗೇ ಸೇರುತ್ತದೆ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಆಗಷ್ಟೇ ಉಂಡ ನಾಯಿಯ ಹೊಟ್ಟೆಯಲ್ಲಿ ಇಂಥ ನಾಳಗಳು ಹಾಲುಬಿಳಿಯಾಗಿ ತುಂಬಿದ್ದನ್ನು ಕಂಡ. ಗಡ್ಡೆಯಿಂದ ಕಳಚಿದ ಕ್ಯಾನ್ಸರ್ ಕಣಗಳೂ ಇದೇ ದಾರಿ ಹಿಡಿಯುತ್ತವೆ. ಅದಕ್ಕೇ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ದಶಕಗಳ ಕಾಲ ಜಗತ್ತು ಅದನ್ನೇ ಅನುಸರಿಸಿತು. ಎಷ್ಟು ಹೆಣ್ಣುಮಕ್ಕಳ ತೋಳು ಅದರ ಬೆಲೆ ತೆತ್ತಿತೋ!

ರಸ ಸಾಮಾನ್ಯವಾಗಿ ಎಲ್ಲ ಗ್ರಂಥಿಗಳಿಗೂ ಏಕಕಾಲಕ್ಕೆ ನುಗ್ಗುವುದಿಲ್ಲ, ಮೊದಲು ಒಂದೆರಡನ್ನು ಮುಟ್ಟುತ್ತದೆ. ಇವೇ ಸೆಂಟಿನಲ್ ನೋಡ್. 1994ರಲ್ಲಿ ಕ್ಯಾಲಿಫೋರ್ನಿಯಾದ ಅರ್ಮಾಂಡೊ ಜುಲಿಯಾನೊ ಮತ್ತು ಸಂಗಡಿಗರು ಸ್ತನಕ್ಕೆ ನೀಲಿ ಬಣ್ಣ ಚುಚ್ಚಿ, ಮೊದಲು ನೀಲಿಗಟ್ಟಿದ ಗ್ರಂಥಿಯನ್ನು ಹುಡುಕಿ ತೆಗೆಯುವ ಬಗೆಯನ್ನು ಪ್ರಕಟಿಸಿದರು. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಿಲ್ಲ. ದೇಹದ ಹರಿವಿಗೆ ಇಂಥದೊಂದು ಸರದಿ ಇರುವುದೇ ನನಗೆ ದೊಡ್ಡ ಕರುಣೆಯಾಗಿ ಕಾಣುತ್ತದೆ.

‘ನಂದು ಎರಡ ತಗದ್ರು. ಹಂಗಾರ ನಮ್ಮ ಓಣಿ ಅಕ್ಕಾಗ ಯಾಕ ಎಲ್ಲಾ ತಗದ್ರು?’ ವೈನಿ ಕೇಳಿದರು. ಆಕೆ ದವಾಖಾನೆಗೆ ಹೋಗುವ ಹೊತ್ತಿಗೆ ಬಗಲಲ್ಲಿ ಗಂಟುಗಳು ಒಂದಕ್ಕೊಂದು ಅಂಟಿಕೊಂಡು ಕೈಗೆ ಸಿಗುತ್ತಿದ್ದವು, ಸೂಜಿ ಪರೀಕ್ಷೆಯಲ್ಲೂ ಕ್ಯಾನ್ಸರ್ ಎಂದೇ ಬಂದಿತ್ತು. ಅಲ್ಲಿ ಪೂರ್ತಿ ತೆಗೆಯುವುದೇ ಸರಿಯಾದ ದಾರಿ. ಹಾಗೆಂದು ಸೆಂಟಿನಲ್ ನೋಡಿನಲ್ಲಿ ಕ್ಯಾನ್ಸರ್ ಕಂಡವರಿಗೆಲ್ಲ ಹೀಗೆಯೇ ಆಗಬೇಕೆಂದಿಲ್ಲ. ಸಣ್ಣ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಶನ್ ಕೊಡುವವರಲ್ಲಿ ಒಂದೆರಡು ಸೆಂಟಿನಲ್ ನೋಡುಗಳಿಗೆ ಮಾತ್ರ ತಗುಲಿದ್ದರೆ, ಉಳಿದವನ್ನು ಬಿಟ್ಟರೂ ಆಯುಷ್ಯ ಕಡಿಮೆಯಾಗಲಿಲ್ಲ ಎಂದು ಜುಲಿಯಾನೊ ಅವರದೇ ಅಧ್ಯಯನ ಹತ್ತು ವರ್ಷಗಳ ಲೆಕ್ಕ ನೋಡಿ 2017ರಲ್ಲಿ ಹೇಳಿತು.

ಓಣಿಯ ಆ ಅಕ್ಕನ ಕೈ ಈಗ ಬಾತಿದೆ. ರಸ ಹಿಂದಿರುಗುವ ದಾರಿ ಕಡಿದಿದೆಯಲ್ಲ. ಬಿಗಿ ತೋಳುಚೀಲ, ದಿನದ ವ್ಯಾಯಾಮದಿಂದ ಬಾವು ಹತೋಟಿಯಲ್ಲಿರುತ್ತದೆ. ಆದರೆ ಕಬ್ಬಿನ ರವದಿ ಗೀರಿದರೂ ಅಲ್ಲಿಂದ ಸೋಂಕು ಏರಬಹುದು. ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಬೇಕು. ಕೈ ಕೆಂಪಾಗಿ ಜ್ವರ ಬಂದರೆ ಅಂದೇ ದವಾಖಾನೆಗೆ ಹೋಗಬೇಕು. ಇದನ್ನು ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ವೈನಿಯೇ ಸಂಜೆ ಹೋಗಿ ಹೇಳುತ್ತೇನೆಂದರು.